ಕಣ್ಣಿಗೊಂದು ಹನಿ

ಅತ್‌ಬಾಶಿ ಕಣಿವೆ, ಸೆಪ್ಟೆಂಬರು. ಬೆಟ್ಟದ ಮೇವು ಮುಗಿಸಿ
ಕುರಿಗಳು ಇಳಿಯುತ್ತಿವೆ, ಯಾರೋ ಚೀಲದ ಬಾಯಿ ಬಿಚ್ಚಿದ ಹಾಗೆ.
ನನ್ನ ಹಳೇ ಜೀಪಿನಲ್ಲಿ ಮಂಜುಗಡ್ಡೆಯ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಲಸಿಕೆ,
ನನ್ನ ಮೊಣಕಾಲಲ್ಲಿ ಹನ್ನೆರಡು ವರ್ಷದ ನೋವು.
ಅದೂ ಕುರಿಗಳು ಕೊಟ್ಟದ್ದೇ. ಬಾಡಿಗೆ ಕೊಡದೆ ಕೂತಿದೆ.

ಒಂದು ಕುರಿ, ಒಂದು ಕಣ್ಣು, ಒಂದು ನೀಲಿ ಹನಿ.
ಶೆರಾಲಿ ಕತ್ತು ಹಿಡಿಯುತ್ತಾನೆ, ನಾನು ರೆಪ್ಪೆ ಅಗಲಿಸುತ್ತೇನೆ,
ಮೊಮ್ಮಗ ನೆತ್ತಿಗೆ ಕೆಂಪು ಬಳಿಯುತ್ತಾನೆ,
ಆಗಾಗ ತನ್ನ ಮೂಗಿಗೂ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ
ಇದೇ ಇರಬೇಕು; ಕಣ್ಣು ಮಾತ್ರ ಕುರಿಯದು.

ಎಷ್ಟಿವೆ? ಇನ್ನೂರ ನಲವತ್ತು.
ಕಳೆದ ವರ್ಷವೂ ಇನ್ನೂರ ನಲವತ್ತು, ಅದರ ಹಿಂದಿನ ವರ್ಷವೂ.
ಹುಟ್ಟಿಲ್ಲ, ಸತ್ತಿಲ್ಲ, ತೋಳ ಒಯ್ದಿಲ್ಲ, ಮದುವೆಗೆ ಕಡಿದಿಲ್ಲ.
ಇಂಥ ಚಿರಂಜೀವಿ ಹಿಂಡನ್ನು ನಾನು ಇನ್ನೆಲ್ಲೂ ಕಂಡಿಲ್ಲ.
ಗುಡ್ಡದಾಚೆ ಎಷ್ಟು ಬಚ್ಚಿಟ್ಟೆ ಎಂದು ಕೇಳುವುದಿಲ್ಲ.
ರಕ್ತ ಕೊಟ್ಟರೆ ಲೆಕ್ಕ ಸಿಗುತ್ತದೆ,
ಲೆಕ್ಕ ಸಿಕ್ಕರೆ ಕಸಾಯಿಖಾನೆಯ ಲಾರಿ ಬರುತ್ತದೆ,
ಪರಿಹಾರ ಮಾತ್ರ ದಾರಿ ತಪ್ಪುತ್ತದೆ: ಇದು ಅವನ ವಾದ.
ಸುಳ್ಳೆನ್ನಲು ನನ್ನ ಬಳಿ ಕಾಗದವಿಲ್ಲ.

ಮಾರ್ಚಿನಲ್ಲಿ ಬಂದಿದ್ದೆ. ಹಿಮ ಇನ್ನೂ ಹೊಸಿಲಲ್ಲೇ ಇತ್ತು.
ಕೊಟ್ಟಿಗೆಯಲ್ಲಿ ಆರು ಕುರಿ ಕಂದು ಹಾಕಿದ್ದವು.
ಬಿದ್ದದ್ದನ್ನು ನಾಯಿ ತಿಂದಿತ್ತು,
ನಾಯಿ ನೆರೆಮನೆಗೆ ಹೋಗಿತ್ತು.
ಒಳಗೆ ಸೊಸೆ ಕಲಿಪಾ ಮಲಗಿದ್ದಳು, ಗೋಡೆಯ ಕಡೆ ಮುಖ.
ಏನಾಯಿತು ಅಂದೆ. ಅತ್ತೆ ದನಿ ತಗ್ಗಿಸಿ,
'ಬಸಿರು ನಿಲ್ಲಲಿಲ್ಲ. ಐದು ತಿಂಗಳು' ಅಂದಳು.
ಕಂಬಳಿಯಾಚೆ ಒಂದು ಕೈ. ಉಗುರ ಸಂದಿಯಲ್ಲಿ ಅಯೋಡಿನ್ನಿನ ಕಂದು.
ಸಿಕ್ಕಿಕೊಂಡ ಮರಿಗಳನ್ನು ಆ ವಾರವೆಲ್ಲ
ಎಳೆದು ತೆಗೆದದ್ದು ಅದೇ ಕೈ, ಬರಿಗೈ.
ಉಸಿರಾಡದ ಮರಿಗೆ ಬಾಯಿಟ್ಟು ಊದಿಯೂ ಇದ್ದಳಂತೆ.

ಕುರಿ ಕಂದು ಹಾಕುತ್ತದೆ. ಹೆಣ್ಣಿನ ಬಸಿರು ನಿಲ್ಲುವುದಿಲ್ಲ.
ಮರ್ಯಾದೆಗೆಂದು ನಾವು ಮಾತು ಬೇರೆ ಮಾಡಿಕೊಂಡೆವು.
ರೋಗಕ್ಕೆ ವ್ಯಾಕರಣ ಬಾರದು.

ಬಿಳಿ ಬಿಲ್ಲೆಯ ಮೇಲೆ ಅವಳ ರಕ್ತದ ತಿಳಿ, ಒಂದು ಹನಿ,
ಪಕ್ಕದಲ್ಲಿ ಗುಲಾಬಿ ಬಣ್ಣ, ಒಂದು ಹನಿ.
ಕಲೆಸಿ, ನಾಲ್ಕು ನಿಮಿಷ ತೂಗಬೇಕು,
ತೊಟ್ಟಿಲು ತೂಗಿದ ಹಾಗೆ. ತೂಗಿದೆ.
ಹಾಲೊಡೆದಂತೆ ಒಡೆಯಿತು.

ನನ್ನ ದಾಖಲೆ ಪುಸ್ತಕದಲ್ಲಿ ಹದಿನಾಲ್ಕು ಕಲಂ:
ಟಗರು, ಮೇಕೆ, ಹಲ್ಲು ನೋಡಿ ಹೇಳಿದ ವಯಸ್ಸು, ಕಿವಿಯ ಸಂಖ್ಯೆ.
ಕಲಿಪಾಳನ್ನು ಯಾವುದರಲ್ಲಿ ಬರೆಯಲಿ?
ಅವಳ ಜ್ವರ, ಅವಳ ಆರು ವಾರದ ಮಾತ್ರೆ ಆಸ್ಪತ್ರೆಯ ಪುಸ್ತಕದ್ದು.
ಆ ಪುಸ್ತಕ ನಲವತ್ತು ಕಿಲೋಮೀಟರು ದೂರ,
ಒಂದೇ ಸರ್ಕಾರದ ಇನ್ನೊಂದು ಬೀರುವಿನಲ್ಲಿ.
ಆರು ಎಂದು ಬರೆದ ಸಾಲಿನ ಅಂಚಿಗೆ
ಪೆನ್ಸಿಲ್ಲಿನಲ್ಲಿ ಸೇರಿಸಿದೆ: ಇನ್ನೊಂದು.
ಮೇಲಧಿಕಾರಿ ಅದನ್ನು ಅಳಿಸಿದ. ಗುರುತು ಉಳಿದಿದೆ.

ಈಗ ಸಂಜೆ. ಮಂಜುಗಡ್ಡೆ ನೀರಾಗುತ್ತಿದೆ.
ಇನ್ನೂರ ನಲವತ್ತಕ್ಕೆ ಸಹಿ ಹಾಕಿಸಿಕೊಂಡು
ಪೆಟ್ಟಿಗೆ ಮುಚ್ಚುವಾಗ ಗುಡ್ಡದ ತಿರುವಿನಲ್ಲಿ ದೂಳು.
ಕುದುರೆಯ ಮೇಲೆ ಕಲಿಪಾ. ಮುಂದೆ ಕುರಿಗಳು.
ಎಣಿಸಿದೆ, ಮೂವತ್ತೇಳು.
ಶೆರಾಲಿ ಟೋಪಿ ತೆಗೆದು ತಲೆ ಕೆರೆದುಕೊಂಡ.
'ನೆಂಟರವು' ಅಂದ.

ಮಾವನ ಹೆಸರನ್ನು ಬಾಯಲ್ಲಿ ಆಡಬಾರದ ಊರಿನ ಸೊಸೆ
ಅವನ ಕಡೆ ನೋಡದೆ ಕೆಳಗಿಳಿದಳು.
'ಈ ಮನೆಯವೇ.'
ಮಾರ್ಚಿನಲ್ಲಿ ನಾನು ಕೊಟ್ಟ ಗವಸು ಕೈಯಲ್ಲಿತ್ತು,
ಒಂದು ಬೆರಳ ತುದಿಗೆ ದಾರದ ಹೊಲಿಗೆ.
ರಬ್ಬರನ್ನು ಹೊಲಿದರೆ ಉಪಯೋಗವಿಲ್ಲ ಎಂದು
ಹೇಳಬೇಕಿತ್ತು. ನಾಳೆ ಹೇಳುತ್ತೇನೆ, ಹೊಸದು ತಂದು.

ಮೊದಲನೆಯದು ತಲೆ ಕೊಡವಿತು.
ಹನಿ ಕಣ್ಣು ತಪ್ಪಿ ಉಣ್ಣೆಗೆ ಜಾರಿತು.
'ಇನ್ನೊಂದು' ಅಂದಳು ಕಲಿಪಾ,
ಕತ್ತನ್ನು ತೊಡೆಗೆ ಒತ್ತಿ ಹಿಡಿದು.