ಎಷ್ಟು

ಎಲ್ಲರೂ ಕೇಳಿದ್ದು ಯಾಕೆ ಅಂತ.
ಯಾಕವ್ವಾ, ಈ ವಯಸ್ಸಿಗೇ?
ಸಕ್ಕರೆ ಬೊಗಸೆಗಟ್ಟಲೆ ಮುಕ್ಕಿದ್ದೆಯೇನೆ?
ನಿಮ್ಮ ಕಡೆ ಯಾರಿಗಿತ್ತು?
ಹಾಗಲದ ರಸ ಹೇಳಿದವರು ಹನ್ನೊಂದು ಜನ,
ನಾಟಿ ವೈದ್ಯರ ನಂಬರು ಕೊಟ್ಟವರು ಮೂವರು,
ಯಾರಿಗೂ ಹೇಳಬೇಡ, ನಾಳೆ ಗಂಡು ನೋಡಬೇಕು ಅಂದವಳು
ನನ್ನ ಅವ್ವ ಒಬ್ಬಳೇ.

ಹಾಗಾಗಿ ಹೇಳಲಿಲ್ಲ.
ಗಾರ್ಮೆಂಟ್ಸಿನಲ್ಲಿ ನನ್ನದು ಕಾಲರ್ ಲೈನು.
ಮಿಷನ್ನಿನ ಸೂಜಿ ನಿಮಿಷಕ್ಕೆ ನಾಲ್ಕು ಸಾವಿರ ಸಲ
ಇಳಿದು ಏಳುತ್ತದೆ, ಎಲ್ಲರೆದುರೇ, ಟ್ಯೂಬ್‌ಲೈಟಿನ ಕೆಳಗೆ.
ನನ್ನ ಸೂಜಿ ದಿನಕ್ಕೆ ನಾಲ್ಕೇ ಸಲ,
ಅದಕ್ಕೆ ಕಕ್ಕಸಿನ ಚಿಲಕ ಬೇಕು.
ಸೂಪರ್‌ವೈಸರಮ್ಮ ಹೊರಗೆ ಬಾಗಿಲು ಬಡಿಯುತ್ತಾಳೆ,
ಒಳಗೆ ನಾನು ಎರಡು ಬೆರಳಲ್ಲಿ ಹೊಟ್ಟೆ ಹಿಡಿದು
ಹತ್ತರವರೆಗೆ ಎಣಿಸುತ್ತೇನೆ.

ಆ ಸಂಜೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ
ಅರಕಲಗೂಡಿನ ಬೋರ್ಡಿನ ಅಕ್ಷರ ಕಲಸಿದವು.
ಕೈ ನನ್ನದಲ್ಲ, ಬೆವರು ನನ್ನದಲ್ಲ,
ಅರ, ಕಲ, ಎಂದು ಓದುತ್ತಲೇ ಕುಸಿದೆ.
ಕುಡಿದಿದ್ದಾಳೆ ಕಣ್ರೋ, ಅಂದರು ಯಾರೋ.
ಜನರ ಕಾಲುಗಳ ನಡುವೆ ಬುರ್ಖಾದವಳೊಬ್ಬಳು ಕುಕ್ಕರಿಸಿ
ಮಾವಿನ ಜ್ಯೂಸಿನ ಪೊಟ್ಟಣವನ್ನು ಹಲ್ಲಿಂದ ಹರಿದು
ನನ್ನ ತುಟಿಗೆ ಒತ್ತಿದಳು.
ಏನಾಯ್ತು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ.
ನನ್ನ ಬೆರಳ ತುದಿಯ ಕಪ್ಪು ಚುಕ್ಕಿಗಳನ್ನು
ಬೆಳಕಿಗೆ ಹಿಡಿದು ನೋಡಿ,
ಎಷ್ಟು? ಅಂದಳು.

ಬಿಳಿ ಕೋಟಿಲ್ಲದ ಬಾಯಿಂದ
ಆ ಪ್ರಶ್ನೆ ಕೇಳಿದ್ದು ಎಂಟು ವರ್ಷದಲ್ಲಿ ಅದೇ ಮೊದಲು.
ಶಾಜಿಯಾ. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ.
ಅವಳ ಚೀಲದಲ್ಲೂ ಅದೇ ಮೀಟರು, ಅದೇ ಕಿತ್ತ ಜಿಪ್ಪು.

ಈಗ ತಿಂಗಳ ಎರಡನೇ ಭಾನುವಾರ ಮಹಾರಾಜ ಪಾರ್ಕಿನಲ್ಲಿ
ನಾಲ್ವರು, ಕೆಲವು ಸಲ ಆರು.
ಯಾರೂ ಭಾಷಣ ಮಾಡುವುದಿಲ್ಲ.
ಹೆಪ್ಪಿಗೆ ಮೊಸರು ಕೇಳುವಂತೆ
ಎರಡು ಸ್ಟ್ರಿಪ್ಪಿದ್ರೆ ಕೊಡೇ, ಸಂಬಳ ಆಗ್ಲಿ, ಅನ್ನುತ್ತೇವೆ.
ಒಂದು ಮಸಾಲೆ ದೋಸೆಗೆ ಎಷ್ಟು ಯೂನಿಟ್ಟೆಂದು
ಆಲೂಗಡ್ಡೆ ಮಂಡಿಯ ದಲ್ಲಾಳಿಗಳ ಹಾಗೆ ಕೂಗಾಡುತ್ತೇವೆ.
ಪಲ್ಯಕ್ಕೆ ಬೇರೆ ಹಾಕು, ಚಟ್ನಿ ಬಿಡು,
ಆರು, ಏಳು, ಏಳೂವರೆ!
ಎರಡು ಗಂಟೆ ಕಳೆದು ಬೆರಳು ಚುಚ್ಚಿದರೆ
ಎಲ್ಲರ ಲೆಕ್ಕವೂ ತಪ್ಪು.
ಅಲ್ಲೇ ನಾನು ಮೊದಲ ಸಲ ಬಯಲಲ್ಲಿ ಚುಚ್ಚಿಕೊಂಡದ್ದು.
ಅಳಿಲೊಂದು ನೋಡಿತು. ಅದಕ್ಕೇನು.

ಧರಣೇಂದ್ರ ಬೆಳಗೊಳದ ಕಡೆಯವನು.
ಹೊತ್ತು ಮುಳುಗಿದ ಮೇಲೆ ಬಾಯಾಡಿಸದ ಮನೆ.
ನಡುರಾತ್ರಿ ಲೋ ಆದರೆ ದಿಂಬಿನಡಿಯ ಬೆಲ್ಲವನ್ನು
ಕಳ್ಳನಂತೆ, ಸದ್ದಾಗದಂತೆ ಚೀಪುತ್ತಿದ್ದ.
ಒಂದು ರಾತ್ರಿ ಅಜ್ಜಿ ಕತ್ತಲಲ್ಲೇ ಎದ್ದು ಕೂತು,
ಕಚ್ಚಿ ತಿನ್ನೋ ಮಗ,
ಹಲ್ಲಿನ ಸದ್ದು ಕೇಳಿದರೆ ನನಗೆ ನಿದ್ದೆ ಬರ್ತದೆ, ಅಂದಳಂತೆ.
ಹೇಳುತ್ತಾ ಅವನು ನಗುತ್ತಿದ್ದ.
ಶಾಜಿಯಾ ನಗಲಿಲ್ಲ. ಡಾಕ್ಟರು ಬೇಡವೆಂದ
ರಂಜಾನಿನ ಉಪವಾಸ ಅವಳ ಗಂಟಲಲ್ಲೇ ಇದೆ.

ಕೊಣನೂರಿನ ರಕ್ಷಿತ್ ಬಂದದ್ದು ಎರಡೇ ಸಲ.
ಇನ್ಸುಲಿನ್ ಬಿಟ್ಟಿದ್ದೇನೆ, ಸಾಕಾಯ್ತು, ಅಂದಿದ್ದ.
ನಮಗೆ ಬುದ್ಧಿ ಹೇಳಲು ಬರಲಿಲ್ಲ:
ಒಂದಲ್ಲ ಒಂದು ದಿನ ಬಿಟ್ಟು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ ನಾವು.
ಸರದಿಯ ಮೇಲೆ ಫೋನು ಮಾಡುತ್ತೇವೆ. ಎತ್ತುವುದಿಲ್ಲ.
ರಿಂಗಾಗುತ್ತದೆ. ಯಾರೋ ಚಾರ್ಜಿಗೆ ಹಾಕುತ್ತಿದ್ದಾರಲ್ಲ
ಎಂಬಷ್ಟೇ ಧೈರ್ಯ.
ಬರುವ ಭಾನುವಾರ ಬಸ್ಸು ಹತ್ತುವುದೆಂದಿದೆ.

ನಿನ್ನೆ ರಾತ್ರಿ ಎರಡೂ ನಲವತ್ತು.
ಎದ್ದಿದ್ದೀಯಾ, ಎಂದು ಕಳಿಸಿದೆ.
ಎಷ್ಟು?
ಐವತ್ತೆಂಟು.
ತಿಂದ್ಯಾ?
ತಿಂತಿದೀನಿ.
ಹದಿನೈದು ನಿಮಿಷ. ಇರ್ತೀನಿ.

ಬಾಯಲ್ಲಿ ಸಕ್ಕರೆ, ಪಕ್ಕದಲ್ಲಿ ಅವ್ವನ ಗೊರಕೆ,
ಹೊರಗೆ ಲಾರಿಯೊಂದು ಗೇರು ಬದಲಿಸುವ ಸದ್ದು.
ಹದಿನಾರನೇ ನಿಮಿಷಕ್ಕೆ
ಎಂಬತ್ತಾರು, ಎಂದು ಕಳಿಸಿದೆ.
ಉತ್ತರವಿಲ್ಲ.
ನಿದ್ದೆ ಹೋಗಿದ್ದಾಳೆ,
ನನ್ನನ್ನು ಕಾಯುತ್ತಾ.