ನಾಲ್ಕನೇ ಪಕ್ಕೆಲುಬಿನ ಕಿಂಡಿ

ಸೈಲೀಸಿಯಾದಲ್ಲಿ, ಗಣಿ ಮುಚ್ಚಿದ ಆರನೇ ವರ್ಷ,
ಕೆಂಪು ಇಟ್ಟಿಗೆಯ ಸಾಲುಮನೆಯ ಕೆಳಗೆ
ಕಲ್ಲಿದ್ದಲು ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ
ಗಿಂಟರ್ ಮುದುಕ ಅಣಬೆ ಹಾಕಿದ.

ಬಟ್ಟೆ ಒಗೆಯುವ ಹಂಡೆಯಲ್ಲಿ ಗೋಧಿಹುಲ್ಲು ಬೇಯಿಸಿ,
ಬಸಿದು, ಆರಿಸಿ, ಚೀಲಕ್ಕೆ ತುರುಕಿ,
ನಡುನಡುವೆ ಬೀಜ ಉದುರಿಸಿ ಬಾಯಿ ಕಟ್ಟಿದ.
ಮೂರು ವಾರಕ್ಕೆ ಚೀಲದೊಳಗೆಲ್ಲ ಬಿಳಿ ನೂಲು,
ಹಾಲು ಉಕ್ಕಿ ಅಲ್ಲೇ ನಿಂತುಬಿಟ್ಟ ಹಾಗೆ.
"ಇನ್ನೇನು, ವಾರಕ್ಕೊಂದು ಬುಟ್ಟಿ" ಅಂದಳು ಹಿಲ್ಡಾ,
ಬಾಣಲೆಗೆ ಬೆಣ್ಣೆ ಹಾಕಿಯೇಬಿಟ್ಟಳು ಅನ್ನಿ.

ಬಂದದ್ದು ಬರೀ ಕತ್ತು.
ಗೇಣುದ್ದ, ಬಿಳಿಚು, ತುದಿಗೊಂದು ಅಂಗಿಗುಂಡಿಯಷ್ಟು ತಲೆ.
ಬೀಜ ಕೊಟ್ಟವನು ಮೋಸ ಮಾಡಿದ, ಅಂದಳು ಮೊಮ್ಮಗಳು ಕಿಂಗಾ.
ಗಿಂಟರ್ ಕೆಳಗಿಳಿದು, ಬಾಗಿಲೆಳೆದುಕೊಂಡು,
ಅವುಗಳ ನಡುವೆ ಬಕೆಟ್ ಬೋರಲು ಹಾಕಿ ಕೂತ.
ಇಪ್ಪತ್ತು ನಿಮಿಷ. ತಲೆ ಭಾರವಾಯಿತು.
ಗೊತ್ತಿತ್ತು ಅವನಿಗೆ ಈ ಭಾರ:
ಏಳುನೂರು ಮೀಟರ್ ಕೆಳಗೆ, ದೀಪ ಕುಗ್ಗುವ ಮುಂಚೆ
ಹುಬ್ಬಿನ ನಡುವೆ ಬಂದು ಕೂರುತ್ತಿದ್ದದ್ದು.
"ಮೋಸ ಅಲ್ಲ ಕಣೇ, ಉಸಿರು ಸಾಲದು ಇವಕ್ಕೆ.
ತಾವು ಬಿಟ್ಟದ್ದನ್ನೇ ತಾವು ಕುಡಿಯುತ್ತಿವೆ.
ಗಾಳಿ ಎಲ್ಲಿದೆ ಅಂತ ಕತ್ತು ಚಾಚಿವೆ, ಅಷ್ಟೇ."

ಮರುದಿನ ಬಾಗಿಲ ಬುಡದಲ್ಲಿ ಎರಡು ಬೆರಳಗಲ ಕೊಯ್ದ,
ಕಿಟಕಿಗೆ ಹೊಡೆದಿದ್ದ ಹಲಗೆ ಕಿತ್ತ.
ಗಾಜಿಗೆ ದುಡ್ಡು ಸುರಿಯುವ ಆಸಾಮಿಯಲ್ಲ.
ಬೀರುವಿನ ಮೇಲಿತ್ತಲ್ಲ ಆಸ್ಪತ್ರೆಯ ಲಕೋಟೆ,
ತನ್ನದೇ ಎದೆಯ ಎಕ್ಸ್‌ರೇ ತಂದು ಚೌಕಟ್ಟಿಗೆ ಮೊಳೆ ಹೊಡೆದ.
ನಾಲ್ಕನೇ ಪಕ್ಕೆಲುಬಿನ ಕೆಳಗೆ,
ಡಾಕ್ಟರು ಪೆನ್ನಿನಲ್ಲಿ ಸುತ್ತು ಹಾಕಿದ್ದ ಕಡೆ,
ಕತ್ತರಿಯಿಂದ ಕೊರೆದ ಒಂದು ಕಿಂಡಿ.
ಹಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಳು. ಬೈದಳು ಕೂಡ.

ಜನವರಿಯಲ್ಲಿ ಬಂದವು ನೀಲಿಬೂದು, ಪಾರಿವಾಳದ ಎದೆಯ ಬಣ್ಣ,
ಅಂಗೈಯಗಲ, ಒಂದರ ಮೇಲೊಂದು ಒರಗಿ.
ಜೂನಿನಲ್ಲಿ ಅದೇ ಬೀಜ, ಅದೇ ಹುಲ್ಲು,
ಆದರೆ ತೆಳು, ಬೆಣ್ಣೆಬಿಳುಪು, ಮುಟ್ಟಿದರೆ ಮುರಿಯುತ್ತಿದ್ದವು.
ಬೇರೆ ಜಾತಿಯಾ ಅಜ್ಜ ಇವು?
ಅವನು ಗೋಡೆಯ ಫೋಟೋ ತೋರಿಸಿದ:
ಅವಳಿ ತಮ್ಮ ಎರ್ವಿನ್, ಹನ್ನೊಂದಕ್ಕೆ ರೈಲು ಹತ್ತಿ ಗಡಿ ದಾಟಿದವನು,
ಯಾವುದೋ ಸರೋವರದ ದಂಡೆ, ಗುಂಡು ಕೆನ್ನೆ,
ಎಪ್ಪತ್ತೆಂಟರಲ್ಲೂ ಸೈಕಲ್ಲು.
ಇನ್ನೂ ಏನೋ ಹೇಳಬೇಕೆಂದಿದ್ದ; ಕೆಮ್ಮು ಬಂತು.

ಈಗ ಬೆಳಿಗ್ಗೆ ಹತ್ತಕ್ಕೆ ಆ ಕಿಟಕಿಗೆ ಬಿಸಿಲು.
ಫಿಲ್ಮಿನಲ್ಲಿ ಎಲುಬೇ ಬೆಳಕು, ಶ್ವಾಸಕೋಶ ಕಪ್ಪು;
ನೆಲದ ಮೇಲೆ ಮಂದ ಪಟ್ಟೆಗಳು.
ಚೀಲದ ಸೀಳಿನಿಂದ ಹೊರಟ ಎಳೆಯ ಕಿವಿಗಳೆಲ್ಲ
ಆ ಕಡೆಗೇ ತಿರುಗಿವೆ.
ಬುಟ್ಟಿ ಹಿಡಿದ ಗಿಂಟರ್ ಐದನೇ ಮೆಟ್ಟಿಲಲ್ಲಿ ನಿಂತು
ಉಸಿರು ತೆಗೆದುಕೊಳ್ಳುತ್ತಾನೆ. ಇನ್ನೂ ಏಳಿವೆ.