ಕೆರೆ ಏರಿಯ ಮೇಲೆ ಕಾಳ್ಯಕ್ಕ

ಹೆಸರು ನೂಲಾ ಅಂದಳು.
ನೂಲೇ? ಅಂದೆ. ಮೂವತ್ತೊಂದು ವರ್ಷ
ರೇಷ್ಮೆ ಕಾರ್ಖಾನೆಯಲ್ಲಿ ಎಳೆ ಹಿಡಿದ ಕೈ,
ಕಿವಿಗೆ ಬೇರೇನು ಕೇಳಿಸೀತು.

ಐರ್ಲೆಂಡಿನವಳು. ಅರವತ್ತೆಂಟು.
ಗೋಕುಲಂಗೆ ಯೋಗ ಕಲಿಯಲು ಬಂದು
ಮೂರನೇ ದಿನಕ್ಕೇ ಸೊಂಟ ಹಿಡಿದು
ಕುಕ್ಕರಹಳ್ಳಿ ಕೆರೆ ಏರಿಯ ಕಲ್ಲುಬೆಂಚಿನಲ್ಲಿ
ಹೆಜ್ಜಾರ್ಲೆಯ ಹಾಗೆ ಕತ್ತು ಒಳಗೆಳೆದುಕೊಂಡು ಕೂತಿದ್ದಳು,
ಧನುರ್ಮಾಸದ ಮೊದಲ ವಾರ.

ನಾವು ನಾಲ್ವರು: ನಾನು, ಕೆಂಪದೇವಮ್ಮ,
ಜುಬೇದಾ, ಚರ್ಚಿನ ಹಿಂದಿನ ಬೀದಿಯ ಫಿಲೋಮಿನಾ.
ಎಲ್ಲರ ಮಂಡಿಗೂ ಒಂದೇ ವಯಸ್ಸು.
ಹುಡುಗರು ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತ
ನಮ್ಮನ್ನು ದಾಟಿ, ಸುತ್ತು ಹೊಡೆದು, ಮತ್ತೆ ದಾಟುತ್ತಾರೆ.
ಡಾಕ್ಟರು ಹೇಳಿದ್ದು: ಬಿರಬಿರನೆ ನಡೀರಮ್ಮ.
ನಾನೂ ನಡೆಯುತ್ತಿದ್ದೆ, ಇನ್ನೇನು ಸೈರನ್ ಕೂಗಿಬಿಟ್ಟೀತು ಎಂಬಂತೆ.
ನಿವೃತ್ತಿಯಾಗಿ ಏಳು ವರ್ಷ, ಇನ್ನೂ ನಿದ್ದೆಯಲ್ಲಿ
ಬೆರಳು ತುಂಡಾದ ಎಳೆ ಹುಡುಕಿ ಗಂಟು ಹಾಕುತ್ತದೆ.

ಅವಳ ಸೀಮೆಯಲ್ಲಿ ಚಳಿಗೆ ಒಬ್ಬ ಮುದುಕಿಯಂತೆ.
ಫಿಲೋಮಿನಾ ಬಿಡಿಸಿ ಹೇಳಿದಳು, ಅರ್ಧ ಮಾತು ಅರ್ಧ ಕೈಸನ್ನೆ:
ಒಕ್ಕಣ್ಣು, ನೀಲಿ ಮುಖ, ಮಡಿಲ ತುಂಬ ಬಂಡೆ,
ಆಕೆ ನಡೆದಲ್ಲೆಲ್ಲ ಮಡಿಲಿಂದ ಉದುರಿದ್ದೇ ಬೆಟ್ಟ.
ಹೆಸರೇನು? ಕಾಲ್ಯಾಖ್.
'ಕಾಳ್ಯಕ್ಕ!' ಅಂದಳು ಕೆಂಪದೇವಮ್ಮ,
ಜಾತ್ರೇಲಿ ಕಳೆದ ನಾದಿನಿ ಸಿಕ್ಕಿದ ಹಾಗೆ.
'ಹಂಗಾದ್ರೆ ನಮ್ಮ ಬೆಟ್ಟಾನೂ ಆಕೇದೇಯ.'
ಎಲ್ಲರೂ ತಿರುಗಿ ನೋಡಿದೆವು.
ಮಂಜಿನಲ್ಲಿ ಚಾಮುಂಡಿ ಬೆಟ್ಟ ಇರಲೇ ಇಲ್ಲ.

ಅಲ್ಲಿ ವರ್ಷ ಹುಟ್ಟುವುದು ಕತ್ತಲಲ್ಲಂತೆ,
ಮೊದಲು ಚಳಿ, ಆಮೇಲೆ ಉಳಿದದ್ದು.
'ಬಸುರಿನ ಹಾಗೆ' ಎಂದಳು ಜುಬೇದಾ, ಐದು ಹೆತ್ತವಳು,
ಅಷ್ಟೇ ಹೇಳಿ ಕಿವಿಗೆ ಮಫ್ಲರ್ ಬಿಗಿದಳು.
ನಾನು ನಮ್ಮದೊಂದು ಮಾತು ಕೊಟ್ಟೆ: ಮಾಗಿ.
ಚಳಿಯೂ ಹೌದು, ಹಣ್ಣಾಗಿ ಅಂತಲೂ ಹೌದು.
ನೂಲಾ ಅದನ್ನು ಹುರಿದ ಹುಣಸೆಬೀಜದ ಹಾಗೆ
ಈ ದವಡೆಗೂ ಆ ದವಡೆಗೂ ಹೊರಳಿಸಿದಳು.

ಮಾರನೇ ದಿನ ಚಪ್ಪಲಿ ಬಿಡಿಸಿದಳು.
ಇಬ್ಬನಿಯ ಹುಲ್ಲು ಪಾದ ಕಚ್ಚಿತು.
ತೋಳು ಸುಮ್ಮನೆ, ಕೈ ಕೆಳಗೆ,
ಮಾತೆಲ್ಲ ಹಿಮ್ಮಡಿಗೂ ಬೆರಳಿಗೂ:
ಒಂದು, ಎರಡು, ಮೂರು, ನಿಲ್ಲು.
ಒಂದು, ಎರಡು, ಮೂರು,
ನಿಲ್ಲುವುದೇ ಬರಲಿಲ್ಲ ನನಗೆ.
ಮೂರು ಮುಗಿಯುವ ಮೊದಲೇ ಕಾಲು ಮುಂದಕ್ಕೆ ಹಾರುತ್ತಿತ್ತು.
ನಿಲ್ಲೋದೂ ಒಂದು ಹೆಜ್ಜೆಯಂತೆ ಕಣೇ, ಎಂದಳು ಫಿಲೋಮಿನಾ,
ತಾನೂ ತಪ್ಪುತ್ತ.

ಆಗ ನೆನಪಾಯಿತು ಲಾಳಿ.
ಅಂಚು ಮುಟ್ಟಿ, ಕಣ್ಣಿಗೆ ಬೀಳದಷ್ಟು ತಡೆದು, ತಿರುಗುವುದು.
ಆ ತಡೆ ಇಲ್ಲದೆ ಸೀರೆಗೆ ಅಂಚಿಲ್ಲ.
ಎಷ್ಟು ಸಾವಿರ ಸೀರೆ!
ಯಾರೂ ಹೇಳಿರಲಿಲ್ಲ, ಮೇಸ್ತ್ರಿಯಂತೂ ಅಲ್ಲ.

ಜನವರಿಯ ಕಡೇ ರಾತ್ರಿ ಅವರು
ಬಟ್ಟೆಯೊಂದನ್ನು ಹೊರಗಿಡುತ್ತಾರಂತೆ,
ಬ್ರಿಜಿಡ್ ಎಂಬ ತಾಯಿ ದಾರಿಯಲ್ಲಿ ಹೋಗುತ್ತ ಮುಟ್ಟಲೆಂದು.
ನಾವೂ ಇಟ್ಟೆವು. ಕೆಂಪದೇವಮ್ಮ ಟವೆಲ್ಲು, ಜುಬೇದಾ ಹಳೇ ದುಪಟ್ಟಾ,
ನಾನು ಕಾರ್ಖಾನೆಯ ಒಂದು ಕತ್ತರಿಸಿದ ತುಂಡು, ಈರುಳ್ಳಿ ಬಣ್ಣದ್ದು.
ಬೆಳಿಗ್ಗೆ ಹಾಲಿನವನು ಕೇಳಿದ: ಬಟ್ಟೆ ಒಳಕ್ಕಾಕೋದು ಮರೆತ್ರಾ?
ತೊಯ್ದಿತ್ತು. ಮಂಡಿಗೆ ಸುತ್ತಿಕೊಂಡೆ.
ನೋವೇನೂ ಹೋಗಲಿಲ್ಲ.
ಹಾಗೇ ಮಲಗಿದೆ, ಎಂಟೂವರೆಯವರೆಗೆ,
ಅವರೆಕಾಯಿ ಸುಲಿಯದೆ, ಯಾರಿಗೂ ಕಾರಣ ಕೊಡದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಯಿತು.
ನೂಲಾ ಅದಕ್ಕೂ ಮೊದಲೇ, ಒಂದು ಬುಧವಾರ,
ಚೀಲದಲ್ಲಿ ಅರ್ಧ ಸೇರು ಹುರಿದ ಹುಣಸೆಬೀಜ ಹೊತ್ತು.

ಇವತ್ತು ಏರಿಯ ಮೇಲೆ ಓಡುತ್ತಿದ್ದ ಹುಡುಗ ತಡೆದು ಕೇಳಿದ:
ಯಾಕಜ್ಜಿ ನಿಂತ್ರಿ, ಸುಸ್ತಾ?
ಇಲ್ಲ ಕಣಪ್ಪ, ನಾಲ್ಕನೇದು ಇಡ್ತಾ ಇದೀನಿ.
ಅವನಿಗೆ ಕೇಳಿಸಿತೋ ಇಲ್ಲವೋ, ಕಿವಿಯಲ್ಲಿ ವೈರಿತ್ತು.
ಬೆಟ್ಟ ಇತ್ತು ಇವತ್ತು, ಪೂರ್ತಿ,
ಯಾರೋ ಈಗತಾನೆ ಮಡಿಲಿಂದ ಇಳಿಸಿದ ಹಾಗೆ.